ರಾಳದವ್ವನ ಮುಂದೆ ಆಡಿದ ಮಾತು

ಬಣ್ಣದಂಗಡಿಯೊಳಗೆ ಕಾಲಿಟ್ಟವರಿಗೆಲ್ಲ ಟರ್ಪೆಂಟೈನಿನ ವಾಸನೆ ಗೊತ್ತು. ಮೂಗಿಗೆ ಚುರುಕ್ಕೆನ್ನುವ, ನೀರಿನಷ್ಟು ತೆಳ್ಳಗಿನ ಎಣ್ಣೆ. ಕೈಗೆ ಮೆತ್ತಿದ ಬಣ್ಣವನ್ನು ಅರೆಗಳಿಗೆಯಲ್ಲಿ ಬಿಡಿಸುತ್ತದೆ. ಅದು ಮರದ ಕಣ್ಣೀರು ಕಣಯ್ಯಾ ಎಂದರೆ ಅಂಗಡಿಯವನೇ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅಂಗಡಿಗಳೇ ಇಲ್ಲದ ಕಾಲದಲ್ಲಿ, ಅದಕ್ಕೆ ರಾಳದೆಣ್ಣೆ ಎಂದು ಹೆಸರಿದ್ದ ಕಾಲದಲ್ಲಿ, ಸೊಡರಗಿರಿ ಎಂಬ ರಾಜ್ಯದಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಆ ರಾಜ್ಯದಲ್ಲಿ ಮೂರು ಜಾತಿಯ ಮರಗಳಿದ್ದವು. ಒಂದು ಬೆಟ್ಟದ ನೆತ್ತಿಯದು, ಸೂಜಿಯಂಥ ಎಲೆಯದು. ಇನ್ನೊಂದು ಕಲ್ಲುಬಯಲಿನದು, ಗಿಡ್ಡ, ಸೊಟ್ಟ, ಕೆಂಪು ಕಾಯಿ ಬಿಡುವಂಥದು. ಮೂರನೆಯದು ಉಪ್ಪುನೀರಿನಲ್ಲಿ ನಿಂತು ಬೆಳೆಯುವುದು, ಅದರ ಮೈಯನ್ನು ಯಾವ ಹುಳವೂ ಕೊರೆಯಲಾರದು. ಎಲೆ ನೋಡಿದರೆ, ಕಾಯಿ ನೋಡಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ತೊಗಟೆಗೆ ಕಚ್ಚು ಹಾಕಿದರೆ ಮೂರೂ ಒಂದೇ ವಾಸನೆಯ ಅಂಟುಹಾಲು ಸುರಿಸುತ್ತಿದ್ದವು. ಹಾಗಾಗಿ ಜನ ಮೂರನ್ನೂ ರಾಳದವ್ವ ಎಂದೇ ಕರೆಯುತ್ತಿದ್ದರು.

ಬೆಟ್ಟದ ಬುಡದ ಹಟ್ಟಿಯಲ್ಲಿ ಮಲ್ಲಾಜಿ ಎಂಬ ಹುಡುಗಿ ಇದ್ದಳು. ತಾಯಿ ದ್ಯಾವವ್ವ, ಅಣ್ಣ ಬೊಮ್ಮಯ್ಯ, ಅವಳು, ಮನೆಯಲ್ಲಿ ಮೂರೇ ಜನ. ಬೊಮ್ಮಯ್ಯ ಮೂರು ಸೀಮೆ ತಿರುಗಿ ಹಾಲು ಇಳಿಸಿ ತರುವನು. ಮಲ್ಲಾಜಿ ಅದನ್ನು ನೀರಿನ ಜೊತೆ ತಾಮ್ರದ ಹಂಡೆಗೆ ಹಾಕಿ, ಬಾಯಿ ಮುಚ್ಚಿ, ಬೆಂಕಿ ಕೊಟ್ಟು ಬಟ್ಟಿ ಇಳಿಸುವಳು. ಆವಿಯಾಗಿ ಮೇಲೆದ್ದದ್ದು ಬಿದಿರಿನ ಕೊಳವೆಯಲ್ಲಿ ತಣ್ಣಗಾಗಿ ತೊಟ್ಟಿಕ್ಕಿದರೆ ರಾಳದೆಣ್ಣೆ. ಹಂಡೆಯ ತಳದಲ್ಲಿ ಉಳಿದು ಗಾಜಿನ ಹಾಗೆ ಗಟ್ಟಿಯಾದರೆ ರಾಳ. ರಾಳ ಧೂಪಕ್ಕಾಯಿತು, ದೋಣಿಯ ಬಿರುಕಿಗಾಯಿತು. ಎಣ್ಣೆ ದೀಪಕ್ಕಾಯಿತು, ಮುದುಕಿಯರ ಮಂಡಿನೋವಿಗಾಯಿತು. ಕೈಗೆ ರಾಳ ಮೆತ್ತಿಕೊಂಡರೆ ತೊಳೆಯುವುದಕ್ಕೂ ಅದೇ ಎಣ್ಣೆ.

ಹಟ್ಟಿಯವರಲ್ಲಿ ಒಂದು ಕಟ್ಟಳೆ ಇತ್ತು. ಮರಕ್ಕೆ ಕಚ್ಚು ಹಾಕುವ ಮುಂಚೆ ಬಲಗೈಯನ್ನು ತೊಗಟೆಯ ಮೇಲಿಟ್ಟು, ಈ ಗಾಯ ಯಾರಿಗೋಸ್ಕರ, ಯಾತಕ್ಕೋಸ್ಕರ ಎಂದು ಮರಕ್ಕೆ ಹೇಳಬೇಕು. ಹೇಳಿದ ಮೇಲೇ ಕೊಡಲಿ ಎತ್ತಬೇಕು. ದೀಪಕ್ಕೆ ತಾಯಿ, ಎನ್ನುವರು. ದೋಣಿಗೆ ತಾಯಿ, ಎನ್ನುವರು. ಮರ ಒಪ್ಪಿ ಹಾಲು ಸುರಿಸುತ್ತಿತ್ತು.

ಸೊಡರಗಿರಿಯ ಅರಸ ಧರಣಿಪಾಲ. ಅವನ ರಾಣಿ ಪದ್ಮಲೆ. ಅರಸನಿಗೆ ರಾಣಿಯೆಂದರೆ ಪ್ರಾಣ. ಒಂದು ದಿನ ಅವಳು ತಲೆ ಬಾಚಿಕೊಳ್ಳುವಾಗ ಹಣಿಗೆಯಲ್ಲಿ ಒಂದು ಬಿಳಿ ಕೂದಲು ಬಂತು. ರಾಣಿ ನಕ್ಕಳು. ಅರಸನಿಗೆ ಮಾತ್ರ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಇವಳು ಮುದುಕಿಯಾಗಬಾರದು, ಇವಳು ಸಾಯಬಾರದು ಎಂದು ಅದೊಂದೇ ಹಂಬಲ ಹಿಡಿಯಿತು. ಇಂಥ ಹಂಬಲದ ವಾಸನೆ ಹಿಡಿದು ಬರುವವರು ಯಾವ ಕಾಲದಲ್ಲೂ ಇರುತ್ತಾರೆ. ಮೆರುಗುಸಿದ್ಧ ಎಂಬ ಮಾಂತ್ರಿಕ ಬಂದ. ಮೈಯೆಲ್ಲ ಹೊಸ ಬೊಂಬೆಯ ಹಾಗೆ ಥಳಥಳ ಹೊಳೆಯುತ್ತಿದ್ದ. ವಯಸ್ಸು ಎಷ್ಟೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ನನ್ನ ಮೆರುಗೆಣ್ಣೆ ಬಳಿದರೆ ನಿನ್ನ ರಾಣಿಗೆ ಮುಪ್ಪಿಲ್ಲ ಎಂದ. ಅರಸ ಹಿಂದೆ ಮುಂದೆ ನೋಡದೆ ಹೂಂ ಎಂದುಬಿಟ್ಟ.

ಅದಾದ ಮೇಲೆ ಹಟ್ಟಿಗೆ ಅರಮನೆಯಿಂದ ಅಪ್ಪಣೆ ಬಂತು. ಇನ್ನು ಮೇಲೆ ಮೂರೂ ಮರದ ಹಾಲನ್ನು ಹಸಿಯಾಗಿಯೇ ಅರಮನೆಗೆ ತಂದೊಪ್ಪಿಸಬೇಕು. ಯಾರೂ ಬಟ್ಟಿ ಇಳಿಸಕೂಡದು. ಯಾರ ಮನೆಯಲ್ಲೂ ರಾಳದೆಣ್ಣೆ ಇರಕೂಡದು. ಭಟರು ಬಂದು ಹಂಡೆಗಳನ್ನೆಲ್ಲ ಒಡೆದು, ಇದ್ದ ಎಣ್ಣೆಯನ್ನು ಮಣ್ಣಿಗೆ ಚೆಲ್ಲಿ ಹೋದರು. ಯಾತಕ್ಕೆ ಎಂದು ಅವರೂ ಹೇಳಲಿಲ್ಲ, ಹಟ್ಟಿಯವರೂ ಕೇಳಲಿಲ್ಲ. ಅರಮನೆಯ ಕೆಲಸ, ನಮಗ್ಯಾಕೆ ಎಂದುಕೊಂಡರು. ಬೊಮ್ಮಯ್ಯ ಎಂದಿನಂತೆ ಮರದ ಮೇಲೆ ಕೈಯಿಟ್ಟು, ಬಾಯಿಗೆ ಬಂದ ಹಳೆಯ ಮಾತನ್ನೇ ಆಡಿದ. ದೀಪಕ್ಕೆ ತಾಯಿ, ಎಂದ. ದೀಪಕ್ಕೋ ಇನ್ನೊಂದಕ್ಕೋ ಅವನಿಗೆ ಗೊತ್ತಿರಲಿಲ್ಲ. ಅಷ್ಟೇ ನೋಡಿ ಆದ ತಪ್ಪು.

ವರ್ಷ ತುಂಬುವುದರೊಳಗೆ ಮರಗಳು ಹಾಲು ನಿಲ್ಲಿಸಿದವು. ಎಷ್ಟು ಆಳ ಕಡಿದರೂ ಒಣ ಹೊಟ್ಟು. ಬೊಮ್ಮಯ್ಯ ಕೊಡಲಿಯನ್ನು ಹೆಗಲಿಗೇರಿಸಿಕೊಂಡ. ನಾನು ಮರಕ್ಕೆ ಸುಳ್ಳು ಹೇಳಿದ್ದೀನಿ ಕಣೇ, ಅರಮನೆಯಲ್ಲಿ ಎಷ್ಟು ದೀಪ ಉರೀತಿವೆ ನೋಡಿಕೊಂಡು ಬರ್ತೀನಿ ಎಂದು ತಂಗಿಗೆ ಹೇಳಿ ಹೊರಟ. ಹೋದವನು ಬರಲಿಲ್ಲ. ದ್ಯಾವವ್ವ ಹೊಸಿಲ ಮೇಲೆ ಕೂತವಳು ಏಳಲಿಲ್ಲ. ಕೊನೆಗೆ ಮಲ್ಲಾಜಿಯೇ ಬುತ್ತಿ ಕಟ್ಟಿಕೊಂಡು ಹೊರಟಳು.

ಅರಮನೆಯ ಬಾಗಿಲಲ್ಲಿ ಕಾವಲಿನವರು ನಿಂತಿದ್ದರು, ಆದರೆ ಅವಳನ್ನು ತಡೆಯಲಿಲ್ಲ. ಹತ್ತಿರ ಹೋಗಿ ನೋಡಿದರೆ ರೆಪ್ಪೆ ಅಲ್ಲಾಡುತ್ತಿಲ್ಲ. ಮೈಯೆಲ್ಲ ಮೆರುಗು. ಒಳಗಿನ ಹಜಾರದಲ್ಲಿ ದಾಸಿಯರು, ಅಡುಗೆಯವರು, ಮಂತ್ರಿಗಳು ಎಲ್ಲರೂ ನಿಂತಲ್ಲೇ ಹೊಳೆಯುತ್ತಿದ್ದಾರೆ. ನಡುವೆ ರಾಣಿ, ಹಣಿಗೆ ಹಿಡಿದು ಕೂತ ಭಂಗಿಯಲ್ಲಿ. ಹಿಂಬಾಗಿಲ ಹತ್ತಿರ ಬೊಮ್ಮಯ್ಯ. ಬಲಗೈ ಎತ್ತಿ, ಅಂಗೈ ಮುಂದೆ ಮಾಡಿ, ಬೇಡ ಎನ್ನುವ ಹಾಗೆ ನಿಂತಿದ್ದ. ಮಲ್ಲಾಜಿ ಅವನ ಕೆನ್ನೆ ಮುಟ್ಟಿದಳು. ಹೊಸ ಮಡಕೆಯ ಹಾಗೆ ತಣ್ಣಗಿತ್ತು. ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಅಳುವ ಸದ್ದಿಗೆ ಅರಸ ಬಂದ. ಇಡೀ ಅರಮನೆಯಲ್ಲಿ ಮೆರುಗು ಇಲ್ಲದವನು ಅವನೊಬ್ಬನೇ. ಅಪ್ಪಣೆ ಹೊರಡಿಸಲು ಒಂದು ಬಾಯಿ ಬೇಕಲ್ಲ, ಅದಕ್ಕೆ ಮಾಂತ್ರಿಕ ಉಳಿಸಿಕೊಂಡಿದ್ದ. ಗಡ್ಡ ಬೆಳೆದು, ಕಣ್ಣು ಗುಳಿಬಿದ್ದು, ಅರಸನೆಂದು ಗುರುತೇ ಸಿಗುತ್ತಿರಲಿಲ್ಲ. ಮೆರುಗುಸಿದ್ಧ ಒಳಮನೆಯಲ್ಲಿ ಮೆರುಗು ಅರೆಯುತ್ತಿದ್ದಾನೆ, ಬೇಗ ಹೋಗು ಎಂದು ಪಿಸುಗುಟ್ಟಿದ. ನಡೆದದ್ದನ್ನೆಲ್ಲ ಹೇಳಿದ. ರಾಣಿಗೆ ಬಳಿದ ಮೇಲೆ ಅವಳು ಮಾತಾಡಲಿಲ್ಲ, ಬಿಡಿಸು ಎಂದು ಕಾಲು ಹಿಡಿದರೆ ಮಾಂತ್ರಿಕ ನಕ್ಕು, ಯಾಕೆಂದು ಎದುರು ಕೇಳಿದವರಿಗೆಲ್ಲ ಬಳಿಯುತ್ತ ಹೋದನಂತೆ. ಬೆಟ್ಟದ ರಾಳ ಹೊಳಪಿಗೆ, ಬಯಲಿನ ರಾಳ ಗಟ್ಟಿತನಕ್ಕೆ, ಉಪ್ಪುನೀರಿನ ರಾಳ ಕಾಲವೆಂಬ ಹುಳ ಮುಟ್ಟದಿರಲಿಕ್ಕೆ. ಹಾಲನ್ನು ಕಾಯಿಸುವಾಗ ಕಿಟಕಿಗಳನ್ನೆಲ್ಲ ತೆರೆದು, ಆವಿ ಪೂರ್ತಿ ಹೋಗುವ ತನಕ ಕೋಟೆಯ ಆಚೆ ನಿಂತಿರುತ್ತಾನಂತೆ.

ಮಲ್ಲಾಜಿಗೆ ತಟ್ಟನೆ ಹೊಳೆಯಿತು. ರಾಳ ಕಟ್ಟಿದ್ದನ್ನು ರಾಳದೆಣ್ಣೆ ಬಿಡಿಸುತ್ತದೆ. ದಿನಾ ಕೈ ತೊಳೆದವಳಿಗೆ ಗೊತ್ತಿಲ್ಲದ್ದೇನು. ಆದರೆ ರಾಜ್ಯದಲ್ಲಿ ಒಂದು ಹನಿ ಎಣ್ಣೆಯಿಲ್ಲ, ಮರಗಳು ಒಣಗಿವೆ. ಉಳಿದಿರುವುದು ಮೂರು ತಾಯಿಮರಗಳು. ಆಯಾ ಜಾತಿಗೆ ಮೊದಲ ಮರಗಳವು. ಅವುಗಳಿಗೆ ಕಾವಲಿತ್ತು. ಅವು ಬಾಳಿನಲ್ಲಿ ಒಂದೇ ಒಂದು ಸಲ ಹಾಲು ಕೊಡುತ್ತವೆ ಎಂದು ಹಟ್ಟಿಯ ಹಿರಿಯರು ಹೇಳುತ್ತಿದ್ದರು. ಅವಳು ಅಣ್ಣನ ಕಾಲ ಬಳಿ ಬಿದ್ದಿದ್ದ ಕೊಡಲಿಯನ್ನೆತ್ತಿಕೊಂಡು ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ನೆತ್ತಿಯಲ್ಲಿ ತಾಯಿಮರದ ಬುಡಕ್ಕೆ ಒಂದು ಮುದಿ ಕರಡಿ ಒರಗಿತ್ತು. ಅದರ ಒಂದು ಕಣ್ಣಿಗೆ ಅಂಟು ಮೆತ್ತಿ, ಒಣಗಿ, ರೆಪ್ಪೆ ತೆರೆಯದಂತಾಗಿತ್ತು. ಕರಡಿ ಮನುಷ್ಯರ ಹಾಗೆ ಮಾತಾಡಿತು.

"ಯಾರಿಗೋಸ್ಕರ ಬಂದೆ?"

"ನಮ್ಮಣ್ಣನಿಗೋಸ್ಕರ, ಅಜ್ಜ."

ನಿಮ್ಮವರ ಮಾತನ್ನು ಹೇಗೆ ನಂಬಲಿ ಎಂದಿತು ಕರಡಿ. ದೀಪಕ್ಕೆ ಎಂದು ಹೇಳಿ ಕಡಿದ ಮರದ ಹಾಲೇ ಸಿಡಿದು ನನ್ನ ಕಣ್ಣು ಮುಚ್ಚಿದೆ ನೋಡು, ಎಂದಿತು. ಮಲ್ಲಾಜಿಯ ಬುತ್ತಿಯಲ್ಲಿ ರೊಟ್ಟಿಗೆಂದು ಕಟ್ಟಿಕೊಂಡಿದ್ದ ತುಪ್ಪವಿತ್ತು. ಅದನ್ನು ಬೆರಳಿಗೆ ಹಚ್ಚಿಕೊಂಡು, ಕರಡಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆಯ ಅಂಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡಿಸಿದಳು. ನೋವಾದಾಗ ಕರಡಿ ಗುರುಗುಟ್ಟಿತು. ಅವಳು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಕಣ್ಣು ತೆರೆಯಿತು. ಕರಡಿ ಬೆಟ್ಟವನ್ನೂ ಬಿಸಿಲನ್ನೂ ಬಹಳ ಹೊತ್ತು ನೋಡಿತು. ಆಮೇಲೆ ಸರಿದು ದಾರಿ ಬಿಟ್ಟಿತು. ಮರ ಹಾಲು ಕೊಟ್ಟಿತು.

ಕಲ್ಲುಬಯಲಿನಲ್ಲಿ ಬಿಸಿಲೆಂದರೆ ಬಿಸಿಲು. ಅಲ್ಲಿಯ ತಾಯಿಮರ ಸೊಂಟದೆತ್ತರ ಮಾತ್ರ ಇತ್ತು. ಅದರ ಕೆಳಗೆ ಒಂದು ಕತ್ತೆಕಿರುಬ ಕೂತಿತ್ತು.

"ಯಾರಿಗೋಸ್ಕರ ಬಂದೆ?"

"ನಮ್ಮಣ್ಣನಿಗೋಸ್ಕರ, ಅಕ್ಕ."

ಅವನೊಬ್ಬನಿಗೇನಾ ಎಂದು ಕಿರುಬ ಕೇಳಿತು. ಮಲ್ಲಾಜಿ ಯೋಚಿಸಿದಳು. ಹಜಾರದಲ್ಲಿ ನಿಂತ ದಾಸಿಯರ ಮುಖ, ಬಾಗಿಲಿನ ಕಾವಲಿನವರ ಮುಖ ಕಣ್ಣಿಗೆ ಬಂದವು. ಅವರಿಗೂ ಮನೆಯಲ್ಲಿ ಕಾಯುವವರಿದ್ದಾರೆ, ಅವರಿಗೂ ಎಂದಳು. ಕಿರುಬ ಮರದ ಬುಡದ ಬಿರುಕು ತೋರಿಸಿ, ಇದಕ್ಕೂ ದಾಹ ಎಂದಿತು. ಮಲ್ಲಾಜಿಯ ತೊಗಲ ಚೀಲದಲ್ಲಿ ತಾನು ವಾಪಸು ದಾಟುವಷ್ಟು ನೀರು ಮಾತ್ರ ಇತ್ತು. ಅವಳು ಚೀಲದ ಬಾಯಿ ಬಿಚ್ಚಿ ಅಷ್ಟನ್ನೂ ಬುಡಕ್ಕೆ ಸುರಿದಳು. ಹೀಗೆ ಮಾಡಬಾರದಿತ್ತೇನೋ ಎಂದೂ ಅನ್ನಿಸಿತು. ಆದರೆ ಮರ ಹಾಲು ಕೊಟ್ಟಿತು, ಮತ್ತೆ ಕಿರುಬ ಅವಳ ಸೆರಗು ಕಚ್ಚಿ ಎಳೆದುಕೊಂಡು ಹೋಗಿ ಬಂಡೆಯ ನೆರಳಿನ ಒರತೆ ತೋರಿಸಿತು.

ಮೂರನೆಯದು ಉಪ್ಪುನೀರಿನ ಮರ. ಕಡಲಂಚಿನ ಕೆಸರಲ್ಲಿ ಮೊಣಕಾಲುದ್ದ ಹೂತುಕೊಂಡು ಅವಳು ಅಲ್ಲಿಗೆ ಮುಟ್ಟಿದಳು. ಬೇರುಗಳ ನಡುವೆ ಒಂದು ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತು.

"ಯಾರಿಗೋಸ್ಕರ ಬಂದೆ?"

"ನಮ್ಮಣ್ಣನಿಗೋಸ್ಕರ, ಅಜ್ಜಿ. ಮಿಕ್ಕವರಿಗೋಸ್ಕರ."

ಮೊಸಳೆ ಬಾಯಿ ಮುಚ್ಚಿತು. ಮೂರು ಮರದ ಹಾಲು ಸೇರಿಸಿ ಬಟ್ಟಿ ಇಳಿಸಿದರೆ ಒಂದು ಗಿಂಡಿ ಎಣ್ಣೆಯೂ ಆಗುವುದಿಲ್ಲ. ಒಬ್ಬರಿಗೆ ಸಾಕಾಗಬಹುದು, ಅಷ್ಟೇ. ಆಗ ಅಣ್ಣನಿಗೆ ಸುರಿಯುತ್ತೀಯೋ, ಇನ್ನೊಬ್ಬರಿಗೋ ಎಂದು ಕೇಳಿತು.

ಮಲ್ಲಾಜಿ ಮರದ ಮೇಲೆ ಕೈಯಿಟ್ಟಳು. ಅಣ್ಣನಿಗೆ ಎನ್ನಬೇಕೆಂದು ಬಾಯಿಗೆ ಬಂತು. ಮಿಕ್ಕವರಿಗೆ ಎಂದರೆ ಒಳ್ಳೆಯವಳೆಂದು ಹಾಲು ಕೊಟ್ಟೀತು ಎಂದೂ ಅನ್ನಿಸಿತು. ಎರಡೂ ಹೊಟ್ಟೆಯೊಳಗಿಂದ ಬಂದ ಮಾತಲ್ಲ. ದೀಪಕ್ಕೆ ತಾಯಿ ಎಂದು ಅಣ್ಣ ಹೇಳಿದ್ದು ನೆನಪಾಗಿ ಅವಳ ಕಣ್ಣಲ್ಲಿ ನೀರು ತುಂಬಿತು.

"ಗೊತ್ತಿಲ್ಲ ತಾಯಿ," ಎಂದಳು. "ಆ ಹೊತ್ತಿಗೆ ಏನು ಮಾಡ್ತೀನೋ ನನಗೆ ಗೊತ್ತಿಲ್ಲ."

ಮೊಸಳೆ ಹೇಳಿತು, "ಆವತ್ತು ನಿಮ್ಮಣ್ಣ ಈ ಮಾತು ಹೇಳಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಮಗಳೇ." ಅಷ್ಟು ಹೇಳಿ ನೀರಿಗಿಳಿದು ಹೋಯಿತು. ಮಲ್ಲಾಜಿ ಕೊಡಲಿ ಎತ್ತುವ ಮೊದಲೇ ಮರದ ತೊಗಟೆ ತಾನಾಗಿ ಬಿರಿದು ಹಾಲು ಹರಿಯಿತು.

ಹಟ್ಟಿಗೆ ಬಂದರೆ ಬಟ್ಟಿಗೆ ಹಂಡೆಯಿಲ್ಲ. ದ್ಯಾವವ್ವ ಒಲೆಯ ಹಿಂದಿನ ಬೂದಿಗುಡ್ಡೆಯನ್ನು ಕೆದಕಿ ಒಂದು ಚಿಕ್ಕ ಹಂಡೆಯನ್ನು ಹೊರತೆಗೆದಳು. ಮಂಡಿನೋವಿನವಳ ಮುಂದೆ ರಾಜಾಜ್ಞೆ ಎಲ್ಲಿ ನಡೆದೀತು. ಭಟರು ಬಂದ ದಿನವೇ ಮುಚ್ಚಿಟ್ಟಿದ್ದಳು. ತಾಯಿ ಮಗಳು ಕೂತು ಬಟ್ಟಿ ಇಳಿಸಿದರು. ಮೊಸಳೆ ಹೇಳಿದ್ದು ನಿಜವಾಯಿತು. ಒಂದು ಗಿಂಡಿಗೆ ಎರಡು ಬೆರಳು ಕಡಿಮೆ ಇತ್ತು.

ಮಲ್ಲಾಜಿ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇರಲಿ ಎಂದು ಹಂಡೆಯನ್ನೂ ಕೊಳವೆಯನ್ನೂ ಹೊತ್ತು ಅರಮನೆಗೆ ಬಂದಳು. ಹಜಾರಕ್ಕೆ ಕಾಲಿಟ್ಟಿದ್ದಳೋ ಇಲ್ಲವೋ, ಮೆರುಗುಸಿದ್ಧ ಒಳಮನೆಯಿಂದ ಹೊರಬಂದ. ಎಣ್ಣೆಯ ವಾಸನೆಗೆ ಅವನ ಮೂಗಿನ ಹೊಳ್ಳೆ ಅದುರಿತು. ಕೈಯಲ್ಲಿ ಕುಂಚ ಇತ್ತು, ಆದರೆ ಅವನು ಹತ್ತಿರ ಬರಲಿಲ್ಲ. ಮೆತ್ತಗೆ ಮಾತಾಡಿದ.

"ತಂಗಿ, ನಿನಗೆ ಬೇಕಾದವನು ನಿನ್ನಣ್ಣ ತಾನೇ? ಸುರಿ ಅವನ ಮೇಲೆ. ನಾನು ತಡೆಯೋದಿಲ್ಲ. ಇಬ್ಬರೂ ನಿಮ್ಮ ಹಟ್ಟಿಗೆ ಹೋಗಿ ಬದುಕಿಕೊಳ್ಳಿ."

ಮಲ್ಲಾಜಿ ಅಣ್ಣನ ಹತ್ತಿರ ಹೋದಳು. ಅವಳ ಕೈ ಅಣ್ಣನ ತಲೆಯ ಮೇಲಕ್ಕೆ ಗಿಂಡಿ ಎತ್ತಿಯೇ ಎತ್ತಿತು. ಅವ್ವ ಹೊಸಿಲ ಮೇಲೆ ಕೂತಿದ್ದಾಳೆ, ಒಂದು ಗಿಂಡಿ ಸುರಿದರೆ ಮುಗಿಯಿತು, ಯಾರು ಬೇಡವೆಂದಾರು. ಆಗ ಅವನ ಬೆನ್ನ ಹಿಂದೆ ಅವಳ ಕಣ್ಣು ಹೋಯಿತು. ಬಾಗಿಲ ಮೂಲೆಯಲ್ಲಿ ಅರಮನೆಗೆ ಹೂ ಕಟ್ಟುವ ಮುದುಕಿ ಮುದುಡಿ ಕೂತಿದ್ದಳು. ಮೈಮೇಲೆ ಅದೇ ಮೆರುಗು, ಮಡಿಲಲ್ಲಿ ಮೆರುಗು ಬಳಿದ ಹೂವು. ಅಣ್ಣ ಕೈಯೆತ್ತಿದ್ದು ತನ್ನನ್ನು ಕಾಪಾಡಿಕೊಳ್ಳಲಿಕ್ಕಲ್ಲ. ಹಿಂಬಾಗಿಲಿನಿಂದ ಓಡಿಹೋಗಬಹುದಿತ್ತು, ಹೋಗದೆ ಮುದುಕಿಗೆ ಅಡ್ಡ ನಿಂತಿದ್ದ.

ಗೊತ್ತಿಲ್ಲ ಎಂದಿದ್ದ ಮಾತಿಗೆ ಉತ್ತರ ಆಗ ಗೊತ್ತಾಯಿತು, ಕುಂಚ ಹಿಡಿದವನು ಇರುವ ತನಕ ಯಾರಿಗೂ ಬಿಡುಗಡೆಯಿಲ್ಲ. ಅಣ್ಣ, ನನ್ನ ಕ್ಷಮಿಸಿಬಿಡು ಎಂದು ಮನಸ್ಸಿನಲ್ಲೇ ಹೇಳಿ, ಅವಳು ತಿರುಗಿ ನಾಲ್ಕು ಹೆಜ್ಜೆ ಓಡಿ, ಗಿಂಡಿಯ ಎಣ್ಣೆಯಷ್ಟನ್ನೂ ಮೆರುಗುಸಿದ್ಧನ ತಲೆಯ ಮೇಲೆ ಸುರಿದಳು.

ಅವನ ಮೈಯ ಮೊದಲ ಪದರ ಕರಗಿತು, ಒಳಗೆ ನಡುವಯಸ್ಸಿನ ಮುಖ ಕಂಡಿತು. ಮತ್ತೊಂದು ಪದರ ಕರಗಿತು, ಮುದುಕನ ಮುಖ ಕಂಡಿತು. ಕರಗಿದ ಹಾಗೆಲ್ಲ ಇನ್ನೂ ಮುದುಕ, ಇನ್ನೂ ಮುದುಕ. ಹೊಳಪಿನ ಕೆಳಗೆ ಬಚ್ಚಿಟ್ಟಿದ್ದ ವರ್ಷಗಳೆಲ್ಲ ಒಟ್ಟಿಗೆ ಬಂದು ಅವನ ಮೇಲೆ ಕೂತವು. ಕುಂಚ ಕೈಜಾರಿತು. ಅವನು ನೆಲಕ್ಕೆ ಕುಸಿದು, ತನ್ನ ಕೈಯನ್ನು ತಾನೇ ಸವರಿಕೊಂಡು, ಎಷ್ಟೋ ಕಾಲದ ಮೇಲೆ ಮುಟ್ಟಿದ್ದು ತಿಳಿದವನ ಹಾಗೆ, "ಎಷ್ಟು ತಣ್ಣಗಿದೆ," ಎಂದ. ಅದೇ ಅವನ ಕೊನೆಯ ಮಾತು. ಅರಸ ಬಂದು ನೋಡುವಷ್ಟರಲ್ಲಿ ನೆಲದ ಮೇಲೆ ಒಂದು ಹಿಡಿ ಬೂದಿ ಇತ್ತು.

ಮಾಂತ್ರಿಕ ಸತ್ತರೆ ಮಾಯೆಯೂ ಹೋಗುತ್ತದೆ ಎಂದು ನೀವು ಅಂದುಕೊಂಡಿರಬೇಕು. ಅರಸನೂ ಹಾಗೇ ಅಂದುಕೊಂಡಿದ್ದ. ಹೋಗಲಿಲ್ಲ. ರಾಣಿ ಹಣಿಗೆ ಹಿಡಿದುಕೊಂಡೇ ಇದ್ದಳು, ಬೊಮ್ಮಯ್ಯ ಕೈಯೆತ್ತಿಕೊಂಡೇ ಇದ್ದ. ಇದ್ದ ಎಣ್ಣೆ ನೆಲದ ಪಾಲಾಯಿತು ಎಂದು ಅರಸ ತಲೆಯ ಮೇಲೆ ಕೈಹೊತ್ತು ಕೂತ. ಮಲ್ಲಾಜಿ ಮಾತ್ರ ಕೂರಲಿಲ್ಲ. ಸೆರಗು ಹರಿದು ನೆಲದ ಎಣ್ಣೆಯನ್ನೆಲ್ಲ ಒರೆಸಿ ಒರೆಸಿ ಹಂಡೆಗೆ ಹಿಂಡಿದಳು. ಕರಗಿದ ಮೆರುಗು ಬೆರೆತು ಅದು ಕೊಳೆಯಾಗಿತ್ತು, ನಿಜ. ಆದರೆ ಎಣ್ಣೆ ಎಣ್ಣೆಯೇ. ಮತ್ತೆ ಬಟ್ಟಿ ಇಳಿಸಿದರೆ ರಾಳ ತಳದಲ್ಲಿ ಉಳಿಯುತ್ತದೆ, ಎಣ್ಣೆ ಮೇಲೆದ್ದು ಬರುತ್ತದೆ. ಬುದ್ಧಿ, ಒಲೆಗೆ ಸೌದೆ ಬೇಕು ಎಂದು ಅರಸನಿಗೆ ಹೇಳಿದಳು. ಅರಸನೇ ಸೌದೆ ಹೊತ್ತು ತಂದ, ಒಲೆ ಊದಿದ.

ಹೀಗೆ ಒಬ್ಬರ ಮೈ ತೊಳೆಯುವುದು, ತೊಳೆದದ್ದನ್ನು ಹಿಂಡುವುದು, ಬಟ್ಟಿ ಇಳಿಸುವುದು, ಇನ್ನೊಬ್ಬರ ಮೈ ತೊಳೆಯುವುದು. ಪ್ರತಿ ಸಲವೂ ಸ್ವಲ್ಪ ಎಣ್ಣೆ ಗಾಳಿಗೆ ಹೋಗುತ್ತಿತ್ತು. ಹಾಗಾಗಿ ತೆಳು ಪದರದವರಿಗೆ ಮೊದಲು. ದಪ್ಪ ಪದರದವರಿಗೆ ಸುರಿದರೆ ಎಣ್ಣೆಯೆಲ್ಲ ಅಲ್ಲೇ ಹೀರಿಹೋಗಿ ಮಿಕ್ಕವರು ಹಾಗೇ ಉಳಿಯುತ್ತಿದ್ದರು. ಅಣ್ಣನ ಮೇಲೇ ಎಲ್ಲರಿಗಿಂತ ದಪ್ಪ ಪದರ. ಎದುರು ನಿಂತವನೆಂದು ಮಾಂತ್ರಿಕ ಸಿಟ್ಟಿನಿಂದ ಮೇಲಿಂದ ಮೇಲೆ ಬಳಿದಿದ್ದ. ನಿನ್ನಣ್ಣನನ್ನು ಮೊದಲು ಬಿಡಿಸು, ನನ್ನ ರಾಣಿ ಕಡೆಗಿರಲಿ ಎಂದು ಅರಸ ಕೈ ಮುಗಿದು ಹೇಳಿದ. ಮಲ್ಲಾಜಿ ಬೇಡವೆಂದು ತಲೆಯಾಡಿಸಿದಳು.

ಕಾವಲಿನವರು ಎದ್ದರು, ದಾಸಿಯರು ಎದ್ದರು, ಅಡುಗೆಯವರು ಎದ್ದು ಉಪ್ಪಿನ ಮಡಕೆ ಹುಡುಕಿದರು. ಹೂವಿನ ಮುದುಕಿ ಎದ್ದು, ನನಗೆ ಅಡ್ಡ ನಿಂತ ಆ ಮಗ ಎಲ್ಲಿ ಎಂದಳು. ಎದ್ದವರು ಯಾರೂ ಮನೆಗೆ ಹೋಗಲಿಲ್ಲ, ಬೊಮ್ಮಯ್ಯನ ಸುತ್ತ ಕೂತರು. ರಾಣಿಯ ಮೆರುಗು ಬಿಟ್ಟಾಗ ಅವಳ ತಲೆಯಲ್ಲಿ ಇನ್ನೂ ಕೆಲವು ಬಿಳಿ ಕೂದಲು ಕಂಡವು. ಅರಸ ಅವಳ ಕಾಲ ಬಳಿ ಕೂತ. ರಾಣಿ ಒಂದೇ ಮಾತು ಹೇಳಿದಳು.

"ನಿಮ್ಮ ಜೊತೆ ಮುದುಕಿಯಾಗಬೇಕು ಅಂತ ಎಷ್ಟು ಆಸೆಯಿತ್ತು ನನಗೆ. ಅದರಲ್ಲಿ ಒಂದು ವರ್ಷ ಕಳೆದುಬಿಟ್ಟಿರಲ್ಲ."

ಕಡೆಗೆ ಬೊಮ್ಮಯ್ಯ ಒಬ್ಬ ಉಳಿದ. ಗಿಂಡಿಯ ತಳದಲ್ಲಿ ಎಣ್ಣೆ ಕಂಡೂ ಕಾಣದ ಹಾಗಿತ್ತು. ಮಲ್ಲಾಜಿ ಹತ್ತಿಯ ತುಂಡಿಗೆ ಹನಿಹನಿಯಾಗಿ ಹಾಕಿಕೊಂಡು ಮೊದಲು ಅಣ್ಣನ ಮೂಗಿನ ಹತ್ತಿರ ಒರೆಸಿದಳು, ಉಸಿರು ಬಂತು. ಕಣ್ಣು ಒರೆಸಿದಳು, ರೆಪ್ಪೆ ಬಡಿಯಿತು. ಎದೆ, ಬೆನ್ನು, ಕಾಲು. ಬಲಗೈಯ ಮಣಿಕಟ್ಟಿಗೆ ಬರುವಷ್ಟರಲ್ಲಿ ಗಿಂಡಿ ಒಣಗಿತು. ಹಿಂಡಿದರೆ ಹತ್ತಿಯಲ್ಲೂ ಏನಿಲ್ಲ. ಮೆರುಗಿನ ಕುಂಚವನ್ನು ತಡೆದ ಆ ಅಂಗೈ ಮಾತ್ರ ಹಾಗೇ ಹೊಳೆಯುತ್ತ ಗಟ್ಟಿಯಾಗಿ ಉಳಿಯಿತು. ಮಲ್ಲಾಜಿ ಆ ಕೈಯನ್ನು ಹಣೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬೊಮ್ಮಯ್ಯ ಎಡಗೈಯಿಂದ ಅವಳ ತಲೆ ಸವರಿ, ಇನ್ನೊಂದು ಕೈ ಇದೆಯಲ್ಲೇ, ಅವ್ವ ಕಾಯ್ತಿರ್ತಾಳೆ ನಡಿ ಎಂದ.

ಮಳೆಗಾಲ ಕಳೆದ ಮೇಲೆ ಮರಗಳು ಮತ್ತೆ ಹಾಲು ಕೊಡಲು ಶುರುಮಾಡಿದವು. ಹೊಸ ಎಣ್ಣೆಯಿಂದ ಆ ಅಂಗೈಯನ್ನು ಎಷ್ಟು ಉಜ್ಜಿದರೂ ಬಿಡಲಿಲ್ಲ. ತಾಯಿಮರಗಳ ಎಣ್ಣೆಗೆ ಸಮ ಯಾವುದೂ ಇರಲಿಲ್ಲ. ಆ ಅಂಗೈಗೆ ತೊಗಟೆ ತಾಗಿದ್ದೂ ತಿಳಿಯುತ್ತಿರಲಿಲ್ಲ. ಅಂದಿನಿಂದ ಅಣ್ಣ ತಂಗಿ ಜೊತೆಯಾಗಿಯೇ ಕಾಡಿಗೆ ಹೋಗುತ್ತಿದ್ದರು. ಬೊಮ್ಮಯ್ಯ ಮರದ ಮುಂದೆ ನಿಂತು ಮಾತು ಹೇಳುವನು, ಅವನ ಪರವಾಗಿ ಮಲ್ಲಾಜಿ ತೊಗಟೆಯ ಮೇಲೆ ಕೈಯಿಡುವಳು.

ಅರಮನೆಯಿಂದ ಯಾರಾದರೂ ಬಂದು ಇಷ್ಟು ಕೊಡ ಹಾಲು ಬೇಕು ಎಂದರೆ, ಯಾತಕ್ಕೆ ಎಂದು ಬೊಮ್ಮಯ್ಯ ಕೇಳುವನು. ಬಂದವರು ತಡವರಿಸಿದರೆ ತನ್ನ ಹೊಳೆಯುವ ಅಂಗೈಯನ್ನು ಎತ್ತಿ ತೋರಿಸುವನು. ಅವರು ತೆಪ್ಪಗೆ ತಿರುಗಿ ಹೋಗಿ, ಅರಸನನ್ನು ಕೇಳಿಕೊಂಡು ಬರುವರು. ಅರಸ ಒಂದು ಸಲವೂ ಸಿಟ್ಟಾಗಲಿಲ್ಲ.

ಹಾಗೆ ಸೊಡರಗಿರಿಯಲ್ಲಿ ದೀಪಗಳು ಮತ್ತೆ ಹತ್ತಿಕೊಂಡವು. ಅರಸ ರಾಣಿ ಜೊತೆಯಾಗಿ ಮುದುಕರಾದರು. ದ್ಯಾವವ್ವನ ಮಂಡಿಗೆ ಎಣ್ಣೆ ತಪ್ಪಲಿಲ್ಲ. ಅವರೆಲ್ಲ ಅಲ್ಲಿ ತಣ್ಣಗಿದ್ದರು, ನಾವು ನೀವು ಇಲ್ಲಿ ತಣ್ಣಗಿರೋಣ.